ಯೋಗ್ಯರು ಬೇಕಾಗಿದ್ದಾರೆ

ಶಿವಮೊಗ್ಗದ ವಿನೋಬನಗರದಲ್ಲಾಗಲಿ, ಭದ್ರಾವತಿಯ ನ್ಯೂಟೌನಿನಲ್ಲಾಗಲಿ, ಗೃಹಪ್ರವೇಶದ ಊಟಕ್ಕೆ ಕೂತರೆ ಪಕ್ಕದ ಎಲೆಗೆ ಮಂಚದ ರಾಯರು ಬಂದೇ ಬರುತ್ತಾರೆ. ಅವರ ಮನೆಯಲ್ಲೊಂದು ಬೀಟೆ ಮಂಚವಿದೆ. ಅದನ್ನು ಯಾರಿಗಾದರೂ ಕೊಟ್ಟುಬಿಡಬೇಕೆಂದಿದ್ದಾರೆ, ಅದೂ ಪುಕ್ಕಟೆ. "ದುಡ್ಡಿನ ಮಾತೇ ಬೇಡ. ಯೋಗ್ಯರು ಸಿಗಬೇಕು, ಅಷ್ಟೇ."

ಬೇಡವೆನ್ನಲು ನೀವು ಬಾಯಿ ತೆರೆಯುವ ಮೊದಲೇ ಪರೀಕ್ಷೆ ಶುರು. ಮನೆ ಸ್ವಂತದ್ದಾ? ಬಾಗಿಲು ಎಷ್ಟು ಅಡಿ? ನೆಲ ಒರೆಸೋರು ಮಂಚದ ಕಾಲಿಗೆ ನೀರು ತಾಗಿಸ್ತಾರಾ? ಮಕ್ಕಳು ಮೇಲೆ ಹತ್ತಿ ಕುಣೀತಾರಾ? ಉತ್ತರ ಏನೇ ಇರಲಿ, ರಾಯರು "ನೋಡಣ" ಎಂದು ಪಾಯಸದ ಕಡೆ ತಿರುಗುತ್ತಾರೆ. ಕೇಳಿಯೇ ಇರದ ಮಂಚ ಕೈತಪ್ಪಿದ ಬೇಸರದಲ್ಲಿ ನೀವು ಮಜ್ಜಿಗೆ ಕುಡಿಯುತ್ತೀರಿ.

ಮಂಚಕ್ಕೆ ಚರಿತ್ರೆಯಿದೆ. ಅದನ್ನು ಚುಟುಕಾಗಿ ಹೇಳುವ ಅಭ್ಯಾಸ ರಾಯರಿಗಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟುವಾಗ ಅವರ ಅಜ್ಜನ ಮನೆ, ಗದ್ದೆ, ತೋಟ ಎಲ್ಲವೂ ಮುಳುಗಡೆಯ ಪಟ್ಟಿ ಸೇರಿದವು. 1964ರಲ್ಲಿ ಕಟ್ಟೆ ಮುಗಿಯುವ ಹೊತ್ತಿಗೆ ಊರಿಗೆ ಊರೇ ಲಾರಿ ಹತ್ತಿತ್ತು. ಅಜ್ಜ ಹೆಂಚು, ಬಾಗಿಲು, ಚೌಕಟ್ಟಿನ ಜೊತೆ ಈ ಮಂಚವನ್ನೂ ಬಿಚ್ಚಿ ಹೇರಿದರು. "ನಾಡಿಗೆ ಕರೆಂಟು ಬಂತು, ನಮಗೆ ಮಂಚ ಉಳೀತು" ಎನ್ನುತ್ತಾರೆ ರಾಯರು. ಮುಂದೆ ಅವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸವಾಯಿತು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದಾಗ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿಕೊಂಡ ಕಾರ್ಖಾನೆ ಅದು. ಅದರ ಕ್ವಾರ್ಟರ್ಸಿನಲ್ಲೂ ಮಂಚ ಸುಖವಾಗಿತ್ತು. ಹೀಗೆ ನೀರಿಗೂ ಸಿಗದೆ, ಬೆಂಕಿಗೂ ಸಿಗದೆ ಬಂದ ಮಂಚ ಕೊನೆಗೆ ಮಕ್ಕಳು, ಸೊಸೆಯಂದಿರ ಅಭಿಪ್ರಾಯಕ್ಕೆ ಸಿಕ್ಕಿಬಿತ್ತು.

ಬೆಂಗಳೂರಿನ ಫ್ಲ್ಯಾಟಿನ ಹಿರಿಸೊಸೆ ಕೇಳಿದ್ದು ಒಂದೇ ಪ್ರಶ್ನೆ: "ಕೆಳಗೆ ಸ್ಟೋರೇಜ್ ಇದ್ಯಾ ಮಾವ?" ಮಂಚದ ಅಗಲ ನಾಲ್ಕೂವರೆ ಅಡಿ, ಅಂಗಡಿಯ ಯಾವ ಹಾಸಿಗೆಯೂ ಸರಿಯಾಗಿ ಕೂರುವುದಿಲ್ಲ. ರಾಯರ ಪ್ರಕಾರ ತಪ್ಪು ಹಾಸಿಗೆಯದು. ಅಮೆರಿಕದ ಕಿರಿಮಗ ಕಾನೂನು ಓದಿಕೊಂಡೇ ಫೋನ್ ಮಾಡಿದ: "ಬೀಟೆ 2017ರಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ ಅಪ್ಪ. ಹತ್ತು ಕೆ.ಜಿ.ವರೆಗಿನ ಸಾಮಾನಿಗೆ ವಿನಾಯಿತಿ, ಅದಕ್ಕಿಂತ ಹೆಚ್ಚಾದರೆ ದೇಶ ದಾಟಿಸೋಕೆ ಪರವಾನಗಿ ಬೇಕು." ತಲೆಕಡೆಯ ಹಲಗೆಯೊಂದೇ ಅದಕ್ಕಿಂತ ಭಾರ. ಅಂತರರಾಷ್ಟ್ರೀಯ ಕಾನೂನಿಗೆ ಇಷ್ಟು ಸಂತೋಷದಿಂದ ತಲೆಬಾಗಿದ ಮಗ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ.

ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಟೇಪು ಹಿಡಿದು ಬಂದು, "ಬಿಚ್ಚಿದ್ರೆ ಎಷ್ಟಡಿ ಹಲಗೆ ಬರುತ್ತೆ?" ಎಂದ. ಅವತ್ತಿನಿಂದ ರಾಯರು ಆ ಬೀದಿಗೆ ಕಾಲಿಟ್ಟಿಲ್ಲ. ಮನಸ್ಸಿನ ಸಮಾಧಾನಕ್ಕೆ, ಬೀಟೆ ಮರಕ್ಕೆ ಹೆಸರಾದ ಶಿವಪ್ಪ ನಾಯಕನ ಅರಮನೆಗೆ ಹೋಗಿ ಕಂಬ ದಿಟ್ಟಿಸಿ ಬಂದರು. "ನಮ್ಮನೇದೂ ಅದೇ ಜಾತಿ" ಎಂದು ಮನೆಯಲ್ಲಿ ಘೋಷಿಸಿದರು.

ಕೊನೆಗೊಂದು ದಿನ ತೀರ್ಥಹಳ್ಳಿ ಕಡೆಯ ಹೋಂಸ್ಟೇ ಮಾಲೀಕರು ಪಿಕಪ್, ಹಗ್ಗ, ನಾಲ್ಕು ಆಳುಗಳ ಸಮೇತ ಬಂದಿಳಿದರು. ಮಂಚ ನೋಡಿದವರೇ, "ಇವತ್ತೇ ಒಯ್ತೀನಿ ರಾಯ್ರೇ. ಪುಕ್ಕಟೆ ಬೇಡ, ದುಡ್ಡು ಕೊಡ್ತೀನಿ" ಎಂದರು. ರಾಯರ ಹೆಂಡತಿ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ರಾಯರ ಮುಖ ಮಾತ್ರ ಸಣ್ಣಗಾಯಿತು.

"ಯಾರು ಮಲಗ್ತಾರೆ ಇದರ ಮೇಲೆ?"

"ಗೆಸ್ಟ್‌ಗಳು."

"ದಿನಾ ಬೇರೆ ಬೇರೆಯವರಾ?"

"ನಮ್ ವ್ಯಾಪಾರವೇ ಅದಲ್ವಾ? ಈಗ ನೀವು ಮಲಗ್ತಿದೀರಾ?"

ರಾಯರು ಕೆಮ್ಮಿದರು. ಉತ್ತರ ದೇವರಮನೆಯಿಂದ ಬಂತು: "ಅವರಿಗೆ ಹತ್ತೋಕೆ ಮಂಡಿ ಬಿಡಲ್ಲ. ಪ್ಲೈವುಡ್ ದಿವಾನದ ಮೇಲೆ ಮಲಗ್ತಾರೆ. ಮಂಚದ ಮೇಲೆ ಒಗೆದ ಬಟ್ಟೆ ಮಲಗುತ್ತೆ."

ಪಿಕಪ್ ಖಾಲಿ ಹೋಯಿತು. ಇಷ್ಟು ಸಲೀಸಾಗಿ ಒಪ್ಪಿಕೊಂಡವರು ಜೋಪಾನ ಮಾಡುತ್ತಾರೆಂಬ ಭರವಸೆ ರಾಯರಿಗೆ ಬರಲಿಲ್ಲವಂತೆ. ಮರುದಿನ ಬೆಳಗ್ಗೆ ಗಾಂಧಿ ಪಾರ್ಕಿನಲ್ಲಿ ವಾಕಿಂಗ್ ಗೆಳೆಯರ ನಡುವೆ ಅವರ ನಡಿಗೆಗೇ ಹೊಸ ಗತ್ತು ಬಂದಿತ್ತು.

"ಮಂಚಕ್ಕೆ ಜನ ಮುಗಿಬಿದ್ದಿದಾರೆ ಮಾರಾಯ್ರೇ, ಗಾಡಿ ತಗೊಂಡೇ ಬರ್ತಾರೆ! ಅದಕ್ಕೇ ಷರತ್ತು ಇನ್ನೊಂದು ಸ್ವಲ್ಪ ಬಿಗಿ ಮಾಡಣ ಅಂತಿದೀನಿ."