ಹುಳುಕು ಹುಡುಕುವವರು ಬೇಕಾಗಿದ್ದಾರೆ

ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲದ ಬಾಯಿ ಬಿಚ್ಚಿದ ಕೂಡಲೇ ಹೊಗಳಿದವರನ್ನು ನಾನಂತೂ ಕಂಡಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಇಂಗಿ, ಗಿಟುಕಾಗಿ, ಚಿಪ್ಪು ಬಿಟ್ಟು ಇಡಿಯಾಗಿ ಹೊರಬಂದ ಉಂಡೆ ಅದು. ಕೊಳ್ಳುವವನು ಒಂದನ್ನು ಎತ್ತಿ ತಿರುಗಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿ, ‘ಬೂಷ್ಟು ಬಂದೈತಲ್ಲ ಗೌಡ್ರೆ’ ಅನ್ನುತ್ತಾನೆ. ಗೌಡರೇನು ಕಮ್ಮಿಯೇ? ಅವರು ತಕ್ಕಡಿಯಲ್ಲಿ ಹುಳುಕು ಹುಡುಕುತ್ತಾರೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. ಇಷ್ಟು ದೊಡ್ಡ ಪ್ರತಿಭೆಯೆಲ್ಲ ಕೊಬ್ಬರಿ, ಬೀಗರ ಊಟ ಮತ್ತು ಸರ್ಕಾರದ ಮೇಲೇ ಖರ್ಚಾಗಿ ಹೋಗುತ್ತಿದೆಯಲ್ಲ ಎಂಬುದು ನನ್ನ ಬಹುದಿನದ ಕೊರಗು.

ಯಾಕೆಂದರೆ ಇದಕ್ಕೆ ಹೊರಗಡೆ ಬೇಡಿಕೆ ಇದೆ. ಯಾರು ಬೇಕಾದರೂ ಒಳಹೊಕ್ಕು ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಮಾತೆತ್ತಿದರೆ ನಮ್ಮ ಹುಡುಗರು ‘ಅದೆಲ್ಲ ಕೋಡಿಂಗ್ ಬಂದೋರಿಗೆ ಬಿಡಿ ಸಾ’ ಎಂದು ಜಾರಿಕೊಳ್ಳುತ್ತಾರೆ. ಆದರೆ 1991ರ ಆಗಸ್ಟ್ 25ರಂದು ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಮುಂದೆ ಲಿನಕ್ಸ್ ಎನಿಸಿಕೊಂಡ ತನ್ನ ಕೆಲಸದ ಸುದ್ದಿಯನ್ನು ಹೊರಗೆ ಹೇಳಿದಾಗ ಕೇಳಿದ್ದಾದರೂ ಏನು? ಆಗ ಬಳಕೆಯಲ್ಲಿದ್ದ ಕಾರ್ಯಾಚರಣಾ ವ್ಯವಸ್ಥೆ ಮಿನಿಕ್ಸ್‌ನಲ್ಲಿ ನಿಮಗೆ ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಹೇಳಿ ಎಂದು. ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದೂ ಸೇರಿಸಿದ್ದ. ಇವತ್ತು ಗೌಡರ ಅಂಗಿ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿ ಕೂತಿರುವುದು ಅದೇ ಹವ್ಯಾಸ.

ಹುಡುಕಬೇಕಾದ ಹುಳುಕು ನಮ್ಮ ಕನ್ನಡದಲ್ಲೇ ಇದೆ. ‘ಕನಾರ್ಟಕ ಸಕಾರ್ರ’ ಎಂಬುದನ್ನು ನೀವೂ ಓದಿರುತ್ತೀರಿ. ಯಾರೋ ಅವಿದ್ಯಾವಂತ ಬರೆದದ್ದೆಂದು ಬೈದೂ ಇರುತ್ತೀರಿ. ಬರೆದವನು ಸರಿಯಾಗಿಯೇ ಬರೆದಿರುತ್ತಾನೆ, ಪಾಪ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಅಕ್ಷರದ ಬೆನ್ನ ಹಿಂದೆ ದಾಖಲಾಗುತ್ತಿತ್ತು. ಹೊಸ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ನಾಲಿಗೆ ನುಡಿದ ಹಾಗೆ ರಕಾರ ಮೊದಲು, ‘ನಾ’ ಆಮೇಲೆ. ಹಳೆಯ ಕಡತವನ್ನು ಹೊಸದಕ್ಕೆ ಬದಲಿಸುವ ತಂತ್ರಾಂಶ ಆ ರಕಾರವನ್ನು ಎತ್ತಿ ಮುಂದೆ ಕೂರಿಸದೆ ಇದ್ದಲ್ಲೇ ಬಿಟ್ಟರೆ ರಾಜ್ಯದ ಹೆಸರೇ ಕೆಡುತ್ತದೆ. ಫಿನ್ಲೆಂಡಿನ ಪ್ರಚಂಡ ಪ್ರೋಗ್ರಾಮರನ ಕಣ್ಣಿಗೆ ಎರಡೂ ಒಂದೇ ಥರ ದುಂಡಗೆ, ಚೆಂದವಾಗಿ ಕಾಣುತ್ತವೆ. ಇಲ್ಲಿ ಬೇಕಾದವರು ಕಿಬ್ಬನಹಳ್ಳಿ ಕಡೆಯ ಯಾರಾದರೂ ನಿವೃತ್ತ ಕನ್ನಡ ಮೇಷ್ಟ್ರು.

ಆದರೆ ಮೇಷ್ಟ್ರು ಆ ತಂತ್ರಾಂಶ ಮಾಡಿದವರಿಗೆ ‘ನಿಮ್ಮದು ಸರಿಯಿಲ್ಲ’ ಎಂದಷ್ಟೇ ಬರೆದರೆ ಮಂಡಿಯಲ್ಲಿ ದರ ಇಳಿಸಲು ಹೇಳಿದ ಮಾತಿನಂತಾಗುತ್ತದೆ. ಯಾವ ಆವೃತ್ತಿ, ಮೂಲ ಕಡತ ಯಾವ ಫಾಂಟಿನದು, ಏನು ಮಾಡಿದಾಗ ಏನು ಬಂತು, ಬರಬೇಕಾದದ್ದು ಏನು, ಇಷ್ಟನ್ನು ಬರೆದು ಎರಡು ಸಾಲಿನ ಮಾದರಿ ಕಡತ ಲಗತ್ತಿಸಬೇಕು. ಅದಕ್ಕೂ ಮೊದಲು, ಇದೇ ದೂರನ್ನು ಬೇರೆ ಯಾರಾದರೂ ಕೊಟ್ಟಿದ್ದಾರೆಯೇ ಎಂದು ನೋಡಬೇಕು. (ಈ ಶಿಸ್ತು ನಮ್ಮ ಗ್ರಾಮಸಭೆಗೂ ಬಂದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು.) ಉತ್ತರ ತಡವಾದರೆ ಸಿಟ್ಟಾಗುವ ಹಾಗಿಲ್ಲ. ಆ ಕಡೆ ಕೂತವರೂ ಎಷ್ಟೋ ಸಲ ಸಂಬಳವಿಲ್ಲದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಕೆಲಸ ಮಾಡುವವರು.

ಬರೆಯುವ ಚಪಲ ಇದ್ದವರಿಗೆ ತಂತ್ರಾಂಶದ ಅನುವಾದವಿದೆ, ಅದಕ್ಕೆಂದೇ ಜಾಲತಾಣಗಳಿವೆ. ಫೈರ್‌ಫಾಕ್ಸ್‌ನವರು ಪಾಂಟೂನ್‌ನಲ್ಲಿ, ಲಿಬ್ರೆಆಫೀಸಿನವರು ವೆಬ್ಲೇಟ್‌ನಲ್ಲಿ ಅನುವಾದವಾಗಬೇಕಾದ ಸಾಲುಗಳನ್ನು ಹರವಿಟ್ಟಿದ್ದಾರೆ. ನಡುವೆ ಶೇಕಡಾ ಚಿಹ್ನೆಯ ಪಕ್ಕದಲ್ಲಿ ಇಂಗ್ಲಿಷಿನ ಎಸ್ ಅಕ್ಷರ ಕಂಡರೆ ಅಚ್ಚಿನ ತಪ್ಪೆಂದು ಹೊಡೆದುಹಾಕಬಾರದು. ಕಡತದ ಹೆಸರೋ ಮತ್ತೊಂದೋ ಬಂದು ಕೂರುವುದು ಅಲ್ಲಿಯೇ. ಮೇಷ್ಟ್ರಿಗೆ ಕೈ ತಡೆಯುವುದು ಕಷ್ಟ.

ಅಕ್ಷರ ಬರೆಯುವ ಕೈ ಚೆನ್ನಾಗಿದ್ದವರಿಗೆ ಫಾಂಟಿನ ಕೆಲಸವೂ ಉಂಟು. ಡೆಬಿಯನ್ ಎಂಬ ಲಿನಕ್ಸ್ ಸಂಗ್ರಹದಲ್ಲಿ ‘ಗುಬ್ಬಿ’ ಎಂಬ ಮುಕ್ತ ಕನ್ನಡ ಫಾಂಟು ಇದೆಯೆಂದು ಗೊತ್ತಾದಾಗ, ನಮ್ಮ ಪಕ್ಕದ ತಾಲ್ಲೂಕು, ನಾಟಕದ ಗುಬ್ಬಿ ವೀರಣ್ಣನವರ ಊರು ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಹೋಯಿತೆಂದು ಬೀಗಿದ್ದೆ. ಅಲ್ಲೇ ‘ನವಿಲು’ ಎಂಬ ಇನ್ನೊಂದು ಫಾಂಟೂ ಕಂಡಿತು. ಹಕ್ಕಿಯೇ ಇರಬೇಕು.

ಇದ್ಯಾವುದೂ ಒಗ್ಗದವರು ತೋಟಕ್ಕೆ ನೀರು ಬಿಟ್ಟು ಬರುವ ದಾರಿಯಲ್ಲೇ ಸೇವೆ ಮಾಡಬಹುದು. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತುಂಬಬಹುದು, ತಿದ್ದಬಹುದು. ಊರಿನ ಕೆರೆ, ಸಂತೆ ಮೈದಾನ, ಹಾಲಿನ ಡೇರಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ಸ್ಟ್ರೀಟ್‌ಕಂಪ್ಲೀಟ್ ಎಂಬ ಆಪ್ ಇದಕ್ಕೆಂದೇ ಇದೆ, ದಾರಿಯಲ್ಲಿ ನಡೆಯುವವರನ್ನು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ. ಈ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ? ಈ ರಸ್ತೆ ಡಾಂಬರಿನದೋ, ಮಣ್ಣಿನದೋ? ಅಂಗಡಿಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ರಸ್ತೆಯದು ಸುಲಭವಲ್ಲ. ಚುನಾವಣೆಯ ಮುಂಚೆ ಡಾಂಬರು ಎಂದು ಒತ್ತಿದವನು ಮಳೆಗಾಲ ಕಳೆದ ಮೇಲೆ ಬಂದು ಮಣ್ಣು ಎಂದು ತಿದ್ದಬೇಕು, ಮುಂದಿನ ಚುನಾವಣೆಗೆ ಮತ್ತೆ ಡಾಂಬರು. ನಮ್ಮ ಮೂರು ತಾಲ್ಲೂಕಿನಲ್ಲಿ ಈ ಒಂದು ಕೆಲಸಕ್ಕೆ ಮಾತ್ರ ಸ್ವಯಂಸೇವಕರು ಸಾಲರು, ಕಾಯಂ ಆಳೇ ಬೇಕು.