ಮಾಲ್ಟಾದಲ್ಲಿ ದಾರಿ ತಪ್ಪುವ ಕಲೆ

ನಮ್ಮ ಮನೆಯಲ್ಲಿ ಮಾಲ್ಟಾದ ಸುದ್ದಿ ಶುರುವಾಯಿತೆಂದರೆ ನಾನು ಮೆಲ್ಲಗೆ ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ. ಪಾತ್ರೆ ಇಲ್ಲದಿದ್ದರೆ ತೊಳೆದದ್ದನ್ನೇ ಮತ್ತೆ ತೊಳೆಯುತ್ತೇನೆ. ಲೆಸ್ಟರಿನ ನವೆಂಬರ್ ಸಂಜೆ, ನಾಲ್ಕೂವರೆಗೇ ಕತ್ತಲು, ಹೊರಗೆ ಜಿಟಿಜಿಟಿ ಮಳೆ, ಒಳಗೆ ಮಂಡಕ್ಕಿ ಒಗ್ಗರಣೆ. ಇಂಥ ಹೊತ್ತಿನಲ್ಲಿ ಆ ಸುದ್ದಿ ಬಂದೇ ಬರುತ್ತದೆ. ಬೇಸಿಗೆ ರಜೆಯಲ್ಲಿ ನಾವು ಮತ್ತೆ ಮತ್ತೆ ಹೋದ ಆ ಮೆಡಿಟರೇನಿಯನ್ ದ್ವೀಪದ ನೀಲಿ ಕಡಲು, ಜೇನುಬಣ್ಣದ ಕಲ್ಲಿನ ಮನೆಗಳು, ಬೀದಿಗೆ ಇಣುಕುವ ಮರದ ಬಾಲ್ಕನಿಗಳು ಎಲ್ಲವೂ ಎರಡು ಮಾತಿನಲ್ಲಿ ಮುಗಿಯುತ್ತವೆ. ಉಳಿದ ಮುಕ್ಕಾಲು ಗಂಟೆ ನನ್ನ ವಿಚಾರಣೆ.

ಮಾಲ್ಟಾವನ್ನು ಆರಿಸಿದ್ದು ನಾನು. ಯಾಕೆಂದು ಯಾರಾದರೂ ಕೇಳಿದರೆ ‘ಸಂಸ್ಕೃತಿ’ ಎನ್ನುತ್ತೇನೆ. ನಿಜವಾದ ಕಾರಣ ಪ್ಲಗ್ಗು. 1964ರವರೆಗೆ ಆ ದೇಶ ಬ್ರಿಟಿಷರ ಕೈಯಲ್ಲಿತ್ತು. ಅವರು ಬಿಟ್ಟುಹೋದದ್ದರಲ್ಲಿ ರಸ್ತೆಯ ಎಡಬದಿಯ ಸಂಚಾರ, ಕೆಂಪು ಟೆಲಿಫೋನ್ ಗೂಡು ಮತ್ತು ಮೂರು ಚೌಕ ಕಡ್ಡಿಯ ಪ್ಲಗ್ ಪಾಯಿಂಟ್ ಸೇರಿವೆ. ಇಟಲಿಗೋ ಫ್ರಾನ್ಸಿಗೋ ಹೋದರೆ ಅಡಾಪ್ಟರ್ ಬೇಕು. ನಮ್ಮ ಮಿಕ್ಸಿ ಅಡಾಪ್ಟರಿಗೆಲ್ಲ ಬಗ್ಗುವುದಿಲ್ಲ. ಮಿಕ್ಸಿ ಇಲ್ಲದೆ ಚಟ್ನಿ ಇಲ್ಲ, ಚಟ್ನಿ ಇಲ್ಲದೆ ನನ್ನ ಹೆಂಡತಿಗೆ ಅದು ರಜೆಯೇ ಅಲ್ಲ ಎಂದು ನಾನು ಸ್ನೇಹಿತರಿಗೆ ಹೇಳುತ್ತೇನೆ. “ಚಟ್ನಿ ಇಲ್ಲದಿದ್ರೆ ತಟ್ಟೆ ಮುಂದೆ ಮುಖ ಊದಿಸ್ಕೊಂಡು ಕೂರೋರು ಯಾರು ರೀ?” ಎಂದು ಅವಳು ಕೇಳುತ್ತಾಳೆ. ಈ ಪ್ರಶ್ನೆಗೆ ಉತ್ತರಿಸುವ ಅಗತ್ಯ ನನಗೆ ಕಂಡಿಲ್ಲ.

ಅಗ್ಗದ ವಿಮಾನಗಳಲ್ಲಿ ಪ್ರತಿ ಕಿಲೋಗೂ ಲೆಕ್ಕ. ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸು ಎತ್ತಿಕೊಂಡು ನಾನು ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಬಂದ ಅಂಕಿಯಿಂದ ನನ್ನ ತೂಕ ಕಳೆಯಬೇಕು. ನನ್ನ ತೂಕ ಎಷ್ಟೆಂದು ನಾನು ಹೇಳುವುದಕ್ಕೂ ಯಂತ್ರದ ಅಭಿಪ್ರಾಯಕ್ಕೂ ಸ್ವಲ್ಪ ಅಂತರವಿರುವುದರಿಂದ ಸೂಟ್‌ಕೇಸು ಯಾವಾಗಲೂ ಹೆಚ್ಚು ಭಾರ ಬರುತ್ತದೆ. ಆಗ ಕುಕ್ಕರ್ ಒಳಗೇ ಉಳಿಯುತ್ತದೆ, ಮಾಲ್ಟಾ ಇತಿಹಾಸದ ನನ್ನ ದಪ್ಪ ಪುಸ್ತಕ ಹೊರಗೆ ಬರುತ್ತದೆ. ನಾನೇನು ಸೋಲುವವನಲ್ಲ. ಪುಸ್ತಕವನ್ನು ಕೋಟಿನ ಜೇಬಿಗೆ ತುರುಕಿ, ಆಗಸ್ಟ್ ತಿಂಗಳ ಉರಿಯಲ್ಲಿ ಉಣ್ಣೆ ಕೋಟು ತೊಟ್ಟು ಆ ದ್ವೀಪದಲ್ಲಿ ಇಳಿಯುತ್ತೇನೆ. ಅಂಥ ಪ್ರವಾಸಿಯನ್ನು ಅಲ್ಲಿಯವರು ಬಹುಶಃ ಬೇರೆ ನೋಡಿರಲಿಕ್ಕಿಲ್ಲ.

ಅಮ್ಮ ಶಿವಮೊಗ್ಗದಿಂದ ಬಂದಿದ್ದ ಬೇಸಿಗೆಯಲ್ಲಿ ಅವಳನ್ನೂ ಕರೆದುಕೊಂಡು ಹೋದೆವು. ಷೆಂಗನ್ ವೀಸಾಕ್ಕಾಗಿ ಕೂಡಿಸಿದ ಕಾಗದದ ಕಟ್ಟು ನನ್ನ ಇತಿಹಾಸದ ಪುಸ್ತಕಕ್ಕಿಂತ ದಪ್ಪವಾಗಿತ್ತು. ಬಾಡಿಗೆಯ ಫ್ಲ್ಯಾಟಿಗೆ ಕಾಲಿಟ್ಟವಳೇ ಅಮ್ಮ ನಲ್ಲಿ ತಿರುಗಿಸಿ, ಬೊಗಸೆ ನೀರು ಕುಡಿದು, ಮುಖ ಕಿವುಚಿದಳು. ತುಂಗಾ ಪಾನದ ನಾಲಿಗೆ. “ಈ ಊರಿನ ಹೊಳೆ ಯಾವುದೋ?”

ಹೊಳೆ ಇಲ್ಲ. ಇಡೀ ದೇಶದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ, ದೊಡ್ಡ ಕೆರೆಯೂ ಇಲ್ಲ. ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಮುದ್ರದಿಂದಲೇ ಎತ್ತಿ, ಉಪ್ಪು ಸೋಸಿ ನಲ್ಲಿಗೆ ಬಿಡುತ್ತಾರೆ. ಸುರಕ್ಷಿತವಾದ ನೀರೇ, ಆದರೆ ನಾಲಿಗೆಗೆ ಸುಳಿವು ಹತ್ತುತ್ತದೆ. ಇದನ್ನೆಲ್ಲ ನಾನು ರಿವರ್ಸ್ ಆಸ್ಮಾಸಿಸ್ಸಿನಿಂದ ಹಿಡಿದು ವಿವರಿಸಿದೆ. ಅಂದು ರಾತ್ರಿಯ ಸಾರು ನನ್ನ ಪಾಳಿ. ಊಟಕ್ಕೆ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ನೀರಿನ ದೋಷ ಎಂದೆ. ಉಪ್ಪನ್ನು ಎರಡು ಸಲ ಹಾಕಿದ್ದು ಕಂಡಿದ್ದೇನೆಂದು ಮಗಳು ಸಾಕ್ಷಿ ಹೇಳಿದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನು ಕೆಟ್ಟರೂ ‘ನೀರಿನ ದೋಷ’. ಮಗನ ಗಣಿತದ ಅಂಕ ಕಡಿಮೆ ಬಂದಾಗ ಅವನೂ ಅದನ್ನೇ ಹೇಳಿದ.

ಕಡಲಿನ ವಿಷಯದಲ್ಲಿ ನನಗೊಂದು ಸಿದ್ಧಾಂತವಿತ್ತು. ಇಂಗ್ಲೆಂಡಿನ ಮೋಡದ ಕೆಳಗೆ ನಾವೆಲ್ಲ ಡಿ ವಿಟಮಿನ್ನಿನ ಗುಳಿಗೆ ನುಂಗಿ ಬದುಕುವವರು. ಇಲ್ಲಿ ಅದು ಆಕಾಶದಿಂದ ಪುಕ್ಕಟೆ ಸುರಿಯುತ್ತದೆ, ಮೈಯೊಡ್ಡಬೇಕು. ಮೆಲ್ಲೀಹಾ ಕೊಲ್ಲಿಯ ಉದ್ದನೆಯ ಮರಳ ದಂಡೆಯಲ್ಲಿ ಈ ಭಾಷಣ ಮಾಡಿ ಮುಗಿಸಿ, ದಂಡೆಯಲ್ಲೇ ದೊಡ್ಡದಾದ ಛತ್ರಿ ಬಾಡಿಗೆಗೆ ಪಡೆದು, ಅದರ ಕೆಳಗೆ ಟವೆಲ್ ಹೊದ್ದು ಕೂತೆ. ಸುತ್ತ ಇಂಗ್ಲಿಷರು ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳುತ್ತಿದ್ದರು. ನೆರಳು ಸರಿದ ಹಾಗೆ ನಾನೂ ಸರಿದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಕುಟುಂಬದ ಚಾಪೆಯ ಮೇಲಿದ್ದೆ. ಈಜಲಿಲ್ಲ ಎನ್ನುವಂತಿಲ್ಲ. ಆ ಕೊಲ್ಲಿ ಬಹಳ ದೂರದವರೆಗೂ ಆಳವಿಲ್ಲ. ನಡೆದಷ್ಟೂ ನೀರು ಮೊಣಕಾಲಿಗೇ. ನಾನು ಕಡಲಿನಲ್ಲಿ ಅಷ್ಟು ದೂರ ಹೋಗಿದ್ದೆ ಎಂದು ಈಗಲೂ ಎದೆಯುಬ್ಬಿಸಿ ಹೇಳಬಲ್ಲೆ. ಆಳ ಎಷ್ಟಿತ್ತೆಂದು ಮಾತ್ರ ಮಕ್ಕಳು ಕೈಯಿಂದ ಮೊಣಕಾಲು ತೋರಿಸುತ್ತಾರೆ.

ಇನ್ನು ಇಮ್‌ಜಾರ್ ಪ್ರಕರಣ. ಇದರ ಬಗ್ಗೆ ಹರಡಿರುವ ಸುಳ್ಳುಗಳನ್ನು ಸರಿಪಡಿಸುವುದಕ್ಕೇ ಈ ಲೇಖನ ಎಂದರೂ ನಡೆದೀತು.

ಮಾಲ್ಟಾದ ಪಕ್ಕದಲ್ಲಿ ಗೋಜೋ ಎಂಬ ತಂಗಿ ದ್ವೀಪವಿದೆ. ಅಲ್ಲಿಗೆ ಹೋಗಲು ಉತ್ತರದ ತುದಿಯ ಚಿರ್ಕೆವ್ವಾದಿಂದ ದೊಡ್ಡ ದೋಣಿ ಹತ್ತಬೇಕು. ಇಪ್ಪತ್ತೈದು ನಿಮಿಷದ ಹಾದಿ. ದೋಣಿ ತಲುಪುವ ಬಂದರಿನ ಹೆಸರು ಇಮ್‌ಜಾರ್. ವಾಲೆಟ್ಟಾದ ಬಸ್ ನಿಲ್ದಾಣದಲ್ಲಿ ನಾವು ಐದು ಜನ ನಿಂತಿದ್ದಾಗ ಎದುರಿಗೆ ಬಂದ ಬಸ್ಸಿನ ಹಣೆಯ ಮೇಲೆ ಅದೇ ಹೆಸರು. “ಹತ್ತಿ, ಹತ್ತಿ!” ಎಂದೆ. “ದ್ವೀಪಕ್ಕೆ ಬಸ್ಸು ಹೇಗ್ರೀ ಹೋಗುತ್ತೆ?” ಎಂದಳು ಹೆಂಡತಿ. ಬಸ್ಸನ್ನೇ ದೋಣಿಗೆ ಹತ್ತಿಸುತ್ತಾರೆ, ಯುರೋಪಿನಲ್ಲಿ ಇದೆಲ್ಲ ಮಾಮೂಲು ಎಂದು ಸಮಾಧಾನ ಹೇಳಿದೆ. ಬಸ್ಸು ಕಲ್ಲುಗೋಡೆಗಳ ನಡುವೆ, ಪಾಪಾಸುಕಳ್ಳಿಯ ಬೇಲಿಗಳ ನಡುವೆ, ಈರುಳ್ಳಿ ಕುಂಬಳದ ಹೊಲಗಳ ನಡುವೆ ಹೋಯಿತು, ಹೋಯಿತು. ಸಮುದ್ರದ ಸುಳಿವಿಲ್ಲ. ಕೊನೆಗೆ ಒಂದು ದೊಡ್ಡ ಚರ್ಚಿನ ಮುಂದೆ ನಿಂತಿತು. ಡ್ರೈವರು ಕೈ ಚಾಚಿ “ಇಮ್‌ಜಾರ್” ಎಂದ.

ಆ ಹೆಸರಿನ ಊರುಗಳು ಎರಡಿವೆ. ಗೋಜೋದಲ್ಲಿ ಬಂದರು, ಮಾಲ್ಟಾದ ಒಳನಾಡಿನಲ್ಲಿ ರೈತರ ಹಳ್ಳಿ. ನಾವು ಹಳ್ಳಿಯಲ್ಲಿದ್ದೆವು.

ಹೆಂಡತಿ ಏನೂ ಹೇಳಲಿಲ್ಲ. ಫೋನಿನಲ್ಲಿ ನಕ್ಷೆ ತೆಗೆದು, ಬೆರಳಿನಿಂದ ಅಳೆದು, ನಿಧಾನವಾಗಿ ಹೇಳಿದಳು: “ಈ ದ್ವೀಪದ ಉದ್ದ 27 ಕಿಲೋಮೀಟರ್. ಇಷ್ಟರಲ್ಲಿ ದಾರಿ ತಪ್ಪೋದಕ್ಕೆ ಪ್ರತಿಭೆ ಬೇಕು ರೀ.”

ದಾರಿ ತಪ್ಪಿದ್ದಲ್ಲ. ಅದು ನನ್ನ ಯೋಜನೆಯಲ್ಲಿತ್ತು. ಪುಸ್ತಕ ಬಿಚ್ಚಿ (ಯೋಜನೆಯ ಪುಟ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು) ಎಲ್ಲರನ್ನೂ ಚರ್ಚಿನ ಮೆಟ್ಟಿಲ ಮೇಲೆ ಕೂರಿಸಿ ಪಾಠ ಶುರುಮಾಡಿದೆ. ಇದು ಸಾಮಾನ್ಯ ಚರ್ಚಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಈ ಬಡ ಹಳ್ಳಿಯ ರೈತರು ಮೊಟ್ಟೆ, ಕೋಳಿ ಮಾರಿದ ಹಣವನ್ನು ವರ್ಷಾನುಗಟ್ಟಲೆ ಕೂಡಿಸಿ ಕಟ್ಟಿದ್ದು. ಮೊಟ್ಟೆ ಚರ್ಚು ಎಂದೇ ಹೆಸರು. ಗುಮ್ಮಟ ಕೂಡ ನೋಡಿ, ಮೊಟ್ಟೆಯಾಕಾರ.

ಏಕಾದಶಿಯ ಉಪವಾಸದಲ್ಲಿದ್ದ ಅಮ್ಮ ಕತ್ತೆತ್ತಿ ಗುಮ್ಮಟವನ್ನು ದೀರ್ಘವಾಗಿ ನೋಡಿದಳು. “ಅಲ್ವೋ, ಏಕಾದಶಿ ದಿನ ಬಸ್ ಚಾರ್ಜ್ ಕೊಟ್ಟು ನನಗೆ ಮೊಟ್ಟೆ ದರ್ಶನ ಮಾಡಿಸಿದ್ಯಲ್ಲೋ!”

ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತೇನೋ. ಆದರೆ ಯೋಜನೆ ಅಂದ ಮೇಲೆ ಎರಡನೆಯ ಅಂಶವೂ ಬೇಕಲ್ಲ. ಅದೇ ಹಳ್ಳಿಯ ಅಂಚಿನಲ್ಲಿ ತಾ ಹಜ್ರಾತ್ ಎಂಬ ಬೃಹತ್ ಶಿಲಾಯುಗದ ದೇವಾಲಯವಿದೆ. ಐದು ಸಾವಿರ ವರ್ಷಕ್ಕೂ ಹಳೆಯದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಿಂದಿನದು, ಯುನೆಸ್ಕೋ ಪಟ್ಟಿಯಲ್ಲಿರುವಂಥದ್ದು. ಮಟಮಟ ಮಧ್ಯಾಹ್ನ ಎಲ್ಲರನ್ನೂ ನಡೆಸಿಕೊಂಡು ಹೋದೆ. ಬೇಲಿಯ ಆಚೆ ಕಲ್ಲುಗಳಿದ್ದವು. ಈಚೆ ನಾವಿದ್ದೆವು. ಎರಡು ನಿಲುವುಗಲ್ಲುಗಳ ಮೇಲೆ ಅಡ್ಡ ಹಾಸಿದ ಆ ಬಾಗಿಲನ್ನು ಲೋಹದ ಹತಾರವಿಲ್ಲದ ಕಾಲದಲ್ಲಿ ಹೇಗೆ ನಿಲ್ಲಿಸಿದರು ಎಂಬುದು ಈಗಲೂ ನನಗೆ ಮೈನವಿರೇಳಿಸುವ ವಿಚಾರ. ಹೇಳುತ್ತ ಹಿಂತಿರುಗಿ ನೋಡಿದರೆ ಕೇಳುಗರೆಲ್ಲ ರಸ್ತೆಯಾಚೆಯ ಒಂದೇ ಒಂದು ಮರದ ಕೆಳಗಿದ್ದರು. “ಕಲ್ಲು ನೋಡೋದಾದ್ರೆ ಹಂಪಿಗೇ ಹೋಗಬಹುದಿತ್ತು, ಅಲ್ಲಿ ಎಳನೀರಾದ್ರೂ ಸಿಗುತ್ತೆ” ಎಂದು ಹೆಂಡತಿ ಕೂಗಿ ಹೇಳಿದಳು. ಅಂಗಡಿಯಿಂದ ಕಿನ್ನಿ ತಂದುಕೊಟ್ಟೆ. ಕಹಿ ಕಿತ್ತಳೆಯ ರಸ, ಗಿಡಮೂಲಿಕೆ ಸೇರಿಸಿ 1952ರಿಂದ ಅಲ್ಲಿಯವರೇ ಮಾಡುವ ಪಾನೀಯ. ಮಕ್ಕಳು ಉಗಿದರು. ಅಮ್ಮ ಮಾತ್ರ ಕೊನೆಯ ಹನಿಯವರೆಗೂ ಕುಡಿದು, “ಪಿತ್ತಕ್ಕೆ ಒಳ್ಳೇದು” ಎಂದು ಪ್ರಮಾಣಪತ್ರ ಕೊಟ್ಟು, ಇನ್ನೊಂದು ತರಿಸಿದಳು.

ಅಮ್ಮನಿಗೆ ಆ ದ್ವೀಪ ಹಿಡಿಸಿದ್ದು ಮೋಸ್ತಾದಲ್ಲಿ. ಆಗಸ್ಟ್ 15, ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಸಾಂತಾ ಮರಿಯಾ ಹಬ್ಬ. ಬೀದಿತುಂಬ ತೋರಣ, ದೀಪ, ಬ್ಯಾಂಡು. ಬಾಲ್ಕನಿಗಳಿಂದ ಕಾಗದದ ಚೂರುಗಳ ಸುರಿಮಳೆ. ಜನರ ಭುಜದ ಮೇಲೆ ತೂಗುತ್ತ ಬರುವ ಮೇರಿಯಮ್ಮನ ಮೂರ್ತಿ. ಬದಿಗೆ ಬಾದಾಮಿಯ ಮಿಠಾಯಿ ಮಾರುವ ಗಾಡಿಗಳು. ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದು ನಿಂತಳು. ಪಕ್ಕದ ಮಾಲ್ಟಾದ ಅಜ್ಜಿಯೊಬ್ಬಳು ತನ್ನ ಕುರ್ಚಿ ಸರಿಸಿ ಜಾಗ ಕೊಟ್ಟಳು. ಒಬ್ಬಳಿಗೆ ಕನ್ನಡ, ಇನ್ನೊಬ್ಬಳಿಗೆ ಮಾಲ್ಟೀಸ್. ಇಬ್ಬರೂ ಮೆರವಣಿಗೆ ಮುಗಿಯುವವರೆಗೆ ಮಾತಾಡಿದರು, ಸೊಸೆಯಂದಿರ ವಿಷಯವೇ ಇರಬೇಕೆಂದು ನನ್ನ ಹೆಂಡತಿಯ ಅನುಮಾನ.

ಅಲ್ಲೂ ನನಗೆ ಹೇಳುವುದಿತ್ತು. ಆ ಚರ್ಚಿನ ಮಹಾಗುಮ್ಮಟವನ್ನು 1942ರ ಏಪ್ರಿಲ್ 9ರಂದು ಜರ್ಮನ್ ಬಾಂಬೊಂದು ತೂರಿ ಒಳಗೆ ಬಿತ್ತು. ಒಳಗೆ ಪ್ರಾರ್ಥನೆಗೆ ಕೂಡಿದ್ದವರು ಇನ್ನೂರಕ್ಕೂ ಹೆಚ್ಚು ಜನ. ಗದ್ದಲದಲ್ಲಿ ದನಿಯೆತ್ತರಿಸಿ ಮಕ್ಕಳಿಗೆ ಹೇಳಿದೆ: “ಆದರೆ ಆ ಬಾಂಬು ಸಿಡಿಯಲೇ...” ಅಷ್ಟರಲ್ಲಿ ನೆತ್ತಿಯ ಮೇಲೆ ಹಬ್ಬದ ಕದಿನಿ ಸಿಡಿಯಿತು. ಮಾಲ್ಟಾದವರ ಪಟಾಕಿ ಪಟಾಕಿಯಲ್ಲ, ಎದೆಗೂಡನ್ನೇ ಅಲ್ಲಾಡಿಸುವ ವಸ್ತು. ಕಣ್ಣು ಬಿಟ್ಟಾಗ ನಾನು ಮಿಠಾಯಿ ಗಾಡಿಯ ಕೆಳಗಿದ್ದೆ. ಪಕ್ಕದಲ್ಲಿ ಯಾವುದೋ ನಾಯಿಯೂ ಇತ್ತು. ಮಕ್ಕಳು ಆ ದೃಶ್ಯವನ್ನು ಅಭಿನಯಿಸಿ ತೋರಿಸುತ್ತಾರೆ. ಮಗ ನಾನಾಗುತ್ತಾನೆ, ಮಗಳು ನಾಯಿ.

ಅಲ್ಲಿನ ಹಲವು ಚರ್ಚುಗಳಿಗೆ ಎರಡು ಗಡಿಯಾರ. ಒಂದು ಸರಿಯಾದ ಸಮಯ ತೋರಿಸುತ್ತದೆ, ಇನ್ನೊಂದು ಸೈತಾನನ ದಿಕ್ಕು ತಪ್ಪಿಸಲು ತಪ್ಪು ಸಮಯ. ಹೀಗೆಂದು ಊರವರ ನಂಬಿಕೆ. “ನಮ್ಮ ಸಂಸಾರಕ್ಕೂ ಎರಡಿವೆ” ಎಂದಳು ಹೆಂಡತಿ. ಯಾವುದು ಯಾವುದೆಂದು ನಾನು ಕೇಳಲಿಲ್ಲ.

ಮಾರನೆಯ ದಿನ ಅವಳ ಮುಂದಾಳತ್ವದಲ್ಲಿ ಗೋಜೋ ಮುಟ್ಟಿದೆವು. ಒಡಿಸ್ಸಿಯಸ್ ಏಳು ವರ್ಷ ಸಿಕ್ಕಿಕೊಂಡಿದ್ದ ಕ್ಯಾಲಿಪ್ಸೋಳ ದ್ವೀಪ ಇದೇ ಎಂಬ ಪ್ರತೀತಿ. ಅವನ ಜೊತೆ ಹೆಂಡತಿ ಇರಲಿಲ್ಲ. ಇದ್ದಿದ್ದರೆ ಆ ಮಹಾಕಾವ್ಯ ಎರಡೇ ಪುಟದಲ್ಲಿ ಮುಗಿಯುತ್ತಿತ್ತು. ಪಶ್ಚಿಮದ ದಂಡೆಯಲ್ಲಿ ಕಡಲೊಳಗೆ ಕಾಲಿಟ್ಟು ನಿಂತ ಸುಣ್ಣಕಲ್ಲಿನ ಮಹಾದ್ವಾರ, ಅಜೂರ್ ವಿಂಡೋ. ಅದರ ಮುಂದೆ ನಮ್ಮ ಚಿತ್ರ ತೆಗೆಯಲು ಒಬ್ಬರನ್ನು ಕೇಳಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊನೆಗೆ ಓಡಿಬಂದು ನಡುವೆ ನಿಂತೆ. 2017ರ ಮಾರ್ಚ್ 8ರ ಬಿರುಗಾಳಿಗೆ ಆ ದ್ವಾರ ಪೂರ್ತಿ ಕುಸಿದು ನೀರುಪಾಲಾಯಿತು. ಸುದ್ದಿ ಕೇಳಿ ಸಂಕಟದಿಂದ ಆಲ್ಬಮ್ ತೆಗೆದೆವು. ಚಿತ್ರದಲ್ಲಿ ಎಡಕ್ಕೆ ಒಂದಿಷ್ಟು ಬಂಡೆ, ಬಲಕ್ಕೆ ಒಂದಿಷ್ಟು ಬಂಡೆ, ನಡುವೆ ಕೋಟು ತೊಟ್ಟ ನಾನು. “ಪರವಾಗಿಲ್ಲ ಅಪ್ಪ, ನಮಗಂತೂ ಅದು ಮುಂಚೆಯೂ ಕಾಣಿಸ್ತಿರಲಿಲ್ಲ” ಎಂದಳು ಮಗಳು.

ಈ ಸಲದ ಬೇಸಿಗೆಗೆ ಕ್ರೀಟ್ ದ್ವೀಪ ಎಂದು ಮಕ್ಕಳ ತೀರ್ಮಾನ. ಪ್ಲಗ್ಗಿನ ಸಮಸ್ಯೆ ಎತ್ತಿದೆ, ಯಾರೂ ಕಿವಿಗೊಡಲಿಲ್ಲ. ಸರಿ, ಕ್ನೋಸೋಸಿನ ಅರಮನೆ ನೋಡಲೇಬೇಕು, ಒಳಗೆ ಹೋದವರು ಹೊರಗೆ ಬಾರದ ಜಟಿಲ ವ್ಯೂಹವಿದ್ದದ್ದು ಅಲ್ಲೇ ಎಂದು ಕಥೆ ಇದೆ, ನಾನು ಮುಂದೆ ನಡೆಯುತ್ತೇನೆ ಎಂದೆ. ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ನಿಲ್ಲಿಸಿದರು. “ಕ್ರೀಟ್ 260 ಕಿಲೋಮೀಟರ್ ಉದ್ದ ಇದೆ ರೀ” ಎಂದಳು ಹೆಂಡತಿ, ಇಷ್ಟೇ. ವ್ಯೂಹದಿಂದ ಹೊರಬರಲು ಥೀಸಿಯಸ್ಸಿಗೆ ರಾಜಕುಮಾರಿ ದಾರದ ಉಂಡೆ ಕೊಟ್ಟಿದ್ದಳು, ಅಪ್ಪನ ಕೈಗೂ ಒಂದು ಕೊಡೋಣ ಎಂದ ಮಗ.

ವಿಡಿಯೋ ಕರೆಯಲ್ಲಿ ಶಿವಮೊಗ್ಗದಿಂದ ಎಲ್ಲ ಕೇಳುತ್ತಿದ್ದ ಅಮ್ಮ ಸೊಸೆಯನ್ನು ಹತ್ತಿರ ಕರೆದಳು. “ಕೈಗೆ ಕೊಟ್ರೆ ಕಳೀತಾನೆ ಕಣೇ. ಉಡಿದಾರಕ್ಕೇ ಕಟ್ಟಿ, ಇನ್ನೊಂದು ತುದಿ ನೀನು ಹಿಡ್ಕೋ.”