ಬೆನ್ನಿಗೆ ಎಣ್ಣೆ, ಬಿಲ್ಲಿಗೆ ವಿಮೆ: ಬಳಕೆದಾರರ ಕೈಪಿಡಿ

ಬೆನ್ನುನೋವಿದ್ದು, ಆರೋಗ್ಯ ವಿಮೆಯ ಕಂತನ್ನು ತಪ್ಪದೆ ಕಟ್ಟುತ್ತ, ಆ ದುಡ್ಡಿನಲ್ಲಿ ಒಮ್ಮೆಯಾದರೂ ಮೈಗೆ ಎಣ್ಣೆ ನೀವಿಸಿಕೊಳ್ಳಬೇಕೆಂದು ಆಸೆಪಡುವ ಸಜ್ಜನರಿಗಾಗಿ ಈ ಕೈಪಿಡಿ. ಓದುವ ಮುನ್ನ ಕನ್ನಡಕ ಹಾಕಿಕೊಳ್ಳಿ. ಪಾಲಿಸಿಯ ಅಕ್ಷರಗಳು ಎಳ್ಳಿನ ಗಾತ್ರದವು.

ಹಂತ ಒಂದು. ‘ಮಸಾಜ್’ ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೊರಡಿ. ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡಿರುವ ‘ಇದಕ್ಕೆಲ್ಲ ಹಣವಿಲ್ಲ’ ಪಟ್ಟಿಯ 13ನೇ ಸಂಕೇತದಲ್ಲಿ ಸ್ಪಾ ಇದೆ, ಪ್ರಕೃತಿ ಚಿಕಿತ್ಸೆಯ ಕ್ಲಿನಿಕ್ಕೂ ಇದೆ. ಬರೀ ವಿಶ್ರಾಂತಿಗೆಂದು ಮಲಗಿದವರಿಗೆ 5ನೇ ಸಂಕೇತ ಕಾದಿದೆ. ಆದರೆ ವಿಮೆ ಒಪ್ಪುವ, ಆಯುರ್ವೇದ ಮೊದಲಾದ ‘ಆಯುಷ್’ ಪದ್ಧತಿಗಳಲ್ಲಿ ಪ್ರಕೃತಿ ಚಿಕಿತ್ಸೆಯೂ ಸೇರಿದೆಯಲ್ಲ ಎನ್ನುತ್ತೀರಾ? ಸೇರಿದೆ. ಹೆಬ್ಬಾಗಿಲಲ್ಲಿ ‘ಬನ್ನಿ’ ಎಂದು ಬರೆದು, ಒಳಬಾಗಿಲಿಗೆ ಚಿಲಕ ಹಾಕಿದ್ದಾರೆ. ಇದಕ್ಕೆ ವಿವರಣೆಯಿರುವ ಪುಟ ಈ ಕೈಪಿಡಿಯಲ್ಲಿ ಅಚ್ಚಾಗಿಲ್ಲ.

ಹಂತ ಎರಡು. ಹಾಸಿಗೆ ಹುಡುಕಿ. ಒಂದಲ್ಲ, ಕನಿಷ್ಠ 5. ನೀವು ಮಲಗುವುದು ಒಂದರಲ್ಲೇ ಆದರೂ, ಒಳರೋಗಿಗಳಿಗೆ 5 ಹಾಸಿಗೆ, ಹಗಲೂ ರಾತ್ರಿ ಹೊಣೆ ಹೊತ್ತ ಆಯುಷ್ ವೈದ್ಯರು, ಚಿಕಿತ್ಸೆಗೆ ಪ್ರತ್ಯೇಕ ವಿಭಾಗ, ದಿನದಿನದ ದಾಖಲೆ ಇವೆಲ್ಲ ಇದ್ದರಷ್ಟೇ ವಿಮೆಯ ಲೆಕ್ಕದಲ್ಲಿ ಖಾಸಗಿ ಜಾಗವೊಂದು ಆಯುಷ್ ಆಸ್ಪತ್ರೆ. ಇದರ ಮೇಲೆ, ಸಾಮಾನ್ಯವಾಗಿ ನೀವು 24 ಗಂಟೆಯಾದರೂ ಅಲ್ಲಿ ದಾಖಲಾಗಿರಬೇಕು. ಅಭ್ಯಂಗಕ್ಕೆ ಬೇಕಾದದ್ದು ಹೆಚ್ಚೆಂದರೆ ಒಂದು ಗಂಟೆ. ಉಳಿದ 23 ಗಂಟೆ ಗಂಜಿ ಕುಡಿಯುತ್ತ, ಸೀಲಿಂಗ್ ಫ್ಯಾನ್ ನೋಡುತ್ತ ರೋಗಿಯ ಘನತೆ ಕಾಪಾಡಿಕೊಳ್ಳಿ. ನೀವುವ ಕೈ ಎಷ್ಟು ಪಳಗಿದ್ದು, ಎಣ್ಣೆ ಎಂಥದ್ದು, ನೋವು ಇಳಿಯಿತೋ ಇಲ್ಲವೋ, ಇದೊಂದೂ ಕಂಪನಿಗೆ ಕಾಣುವುದಿಲ್ಲ. ಹಾಸಿಗೆ ಮಾತ್ರ ಕಾಣುತ್ತದೆ. ಅದೇ ಎಣ್ಣೆ ಅದೇ ಬೆನ್ನಿಗೆ ಬಿದ್ದರೂ, ಕುಳಿತು ಹಚ್ಚಿಸಿಕೊಂಡರೆ ಶೋಕಿ, ದಾಖಲಾಗಿ ಹಚ್ಚಿಸಿಕೊಂಡರೆ ಚಿಕಿತ್ಸೆ!

ಹಂತ ಮೂರು. ವಿಮಾ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಟಿಪಿಎ ಕಚೇರಿಯಿಂದ ಫೋನು ಬರುತ್ತದೆ. “ಇದನ್ನು ಹೊರರೋಗಿಯಾಗಿಯೇ ಮಾಡಿಸಬಹುದಿತ್ತಲ್ಲ ಸಾರ್?” ಹೌದಲ್ಲ ಎಂದು ಬಾಯಿ ಬಿಟ್ಟಿರೋ, ಕೆಟ್ಟಿರಿ. ಉತ್ತರ ಕೊಡಬೇಕಾದದ್ದು ಡಿಸ್ಚಾರ್ಜ್ ಸಮ್ಮರಿ. ರೋಗವೇನು, ದಾಖಲಾಗದೆ ಏಕೆ ಆಗುತ್ತಿರಲಿಲ್ಲ, ಯಾವ ದಿನ ಸೊಂಟಕ್ಕೆ ಎಣ್ಣೆಯ ಕಟಿಬಸ್ತಿ, ಯಾವ ದಿನ ಹಣೆಗೆ ಎಣ್ಣೆಯ ಶಿರೋಧಾರೆ ಎಂಬುದನ್ನೆಲ್ಲ ವೈದ್ಯರು ಅದರಲ್ಲಿ ಬರೆದಿರಬೇಕು. ‘ಮೈ ಹಗುರಾಯಿತು’ ಎಂಬ ಸಾಲು ಮಾತ್ರ ಬೇಡ. ಕಂಪನಿಗೆ ಅನುಮಾನ ಹುಟ್ಟುವುದೇ ಅಲ್ಲಿ.

ಹಂತ ನಾಲ್ಕು, ಬಿಲ್ಲು. ಹಣ ಸಿಗದ 68 ವಸ್ತುಗಳ ಇನ್ನೊಂದು ಪಟ್ಟಿಯಿದೆ. ಮಿನರಲ್ ವಾಟರು, ಲಾಂಡ್ರಿ, ಕೈಚೀಲ, ಜೊತೆಗೆ ಸೊಂಟಕ್ಕೆ ಕಟ್ಟುವ ಬೆಲ್ಟು. ಹೌದು, ಸೊಂಟನೋವಿಗೆ ದಾಖಲಾದವರಿಗೂ.

ಎಚ್ಚರಿಕೆ: ಇಷ್ಟೆಲ್ಲ ಓದಿ, ಇಲ್ಲದ ನೋವಿಗೆ ಹಾಸಿಗೆ ಹಿಡಿಯಬೇಡಿ. ಅದಕ್ಕೆ ವಂಚನೆ ಎನ್ನುತ್ತಾರೆ, ಪಾಲಿಸಿಯೇ ಹೋದೀತು.

ನೋವು ನಿಜವಾಗಿದ್ದೂ ಕ್ಲೇಮ್ ತಿರಸ್ಕಾರವಾದರೆ ಸುಮ್ಮನಿರಬೇಡಿ. ಆಯುಷ್ ಚಿಕಿತ್ಸೆಯನ್ನು ಉಳಿದ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕೆಂಬ ಪ್ರಾಧಿಕಾರದ ಸೂಚನೆ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಲೋಕಪಾಲರ ಬಳಿಗೆ ಹೋಗಿ. ಬೆಂಗಳೂರಿನಲ್ಲೇ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ.